ಗೇಟು ಹಾಕಿದವರು ಯಾರು?

ಗಂಟಲು ನೋವೆಂದು ನೆಹರು ನಗರದಲ್ಲಿ ಒಬ್ಬ ಡಾಕ್ಟರ ಬಳಿ ಹೋಗಿದ್ದೆ. ಅವರು ನನ್ನ ನಾಲಿಗೆಯನ್ನು ಚಪ್ಪಟೆ ಕಡ್ಡಿಯಿಂದ ಒತ್ತಿ ಹಿಡಿದು, ಟಾರ್ಚು ಬಿಟ್ಟು, "ಆ ಅನ್ರಿ" ಎಂದರು. ಅಂದೆ. ಕಡ್ಡಿ ತೆಗೆಯಲಿಲ್ಲ. ನನ್ನ ಬಾಯಿ ತೆರೆದಿರುವಂತೆಯೇ, "ಅಲ್ರೀ ಮೇಡಂ, ನಿಮ್ಮ ಕಥ್ಯಾಗಿನ ಆ ಹುಡುಗೀನ್ನ ಕಡೀಕ ಯಾಕ ತಿರುಗಿ ಮನಿಗಿ ತಂದ್ರಿ? ನನ್ನ ಮಗಳು ಎರಡ ದಿನಾ ನನ್ನ ಕೂಡ ಮಾತ ಬಿಟ್ಟಿದ್ಲು. ನಾ ಏನ ಮಾಡೀನಿ?" ಎಂದರು. ನಾನು ಇನ್ನೊಮ್ಮೆ "ಆ" ಅಂದೆ. ಅದನ್ನೇ ಉತ್ತರವೆಂದು ತಿಳಿದು, "ನನಗ ಗೊತ್ತಿತ್ತು, ಪೇಪರಿನವ್ರದ ಒತ್ತಾಯ ಇರತದ" ಎಂದು ತಲೆಯಾಡಿಸಿ ಗುಳಿಗೆ ಬರೆದುಕೊಟ್ಟರು. ಬಿಸಿನೀರು ಕುಡಿಯಿರಿ ಎಂದದ್ದು ನಾನು ಚಪ್ಪಲಿ ಮೆಟ್ಟಿದ ಮೇಲೆ.

ಆ ವರ್ಷ ಎಲ್ಲಿ ಹೋದರೂ ನನಗೆ ಇದೇ ಗತಿ. ಎರಡು ಸಾವಿರದ ಇಸವಿಯ ಆಸುಪಾಸು. ನಾನು ಖಾನಾಪುರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ, ಮನೆ ಬೆಳಗಾವಿಯಲ್ಲಿತ್ತು. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಖಾನಾಪುರ ಇನ್ನೇನು ಬಂತು ಎನ್ನುವಷ್ಟರಲ್ಲಿ ರೈಲ್ವೆ ಗೇಟೊಂದಿತ್ತು. ನನ್ನ ಬಸ್ಸು ದೂರದಲ್ಲಿ ಕಂಡ ಕೂಡಲೇ ಗೇಟಿನವನು ಅದನ್ನು ಹಾಕುತ್ತಾನೆ ಎಂದು ನನಗೆ ಖಾತ್ರಿಯಾಗಿತ್ತು. ರೈಲು ಬರಬೇಕು, ಹೋಗಬೇಕು, ಗೇಟು ಏಳಬೇಕು. ಅಷ್ಟರಲ್ಲಿ ಸಾಲೆಯಲ್ಲಿ ಪ್ರಾರ್ಥನೆ ಮುಗಿದು ಹೆಡ್‌ಮಾಸ್ತರರು ಬಾಗಿಲಲ್ಲೇ ಗಡಿಯಾರ ನೋಡುತ್ತ ನಿಂತಿರುತ್ತಿದ್ದರು. ಮುಖ ಸಹ ಕಾಣದ ಆ ಗೇಟಿನವನಿಗೆ ನಾನು ವರ್ಷಗಟ್ಟಲೆ ಮನಸ್ಸಿನಲ್ಲೇ ಬೈದಿದ್ದೇನೆ.

ನನ್ನ ಆ ಕಾದಂಬರಿ ಹುಟ್ಟಿದ್ದೂ ಅಲ್ಲೇ, ಬಸ್ಸಿನ ಕಿಟಕಿಯಿಂದ ಆ ಗೇಟನ್ನು ನೋಡುತ್ತ ನೋಡುತ್ತ. ಒಂದು ಊರಿಗೆ ಊರೇ ಹೀಗೆ ಗೇಟಿನ ಹಿಂದೆ ಸಿಕ್ಕಿಕೊಂಡರೆ? ಮುಂದೆಂದೋ ಬರುವ ಕೆಟ್ಟ ಕಾಲದ ಕಥೆ ಅದು. ನದಿಗೆ ಮುಚ್ಚಳ ಹಾಕಿ ನೀರನ್ನು ಅಳೆದು ಕೊಡುವ ಊರು. ಸುತ್ತ ಗೋಡೆ, ಗೋಡೆಗೆ ಒಂದೇ ಕಬ್ಬಿಣದ ಗೇಟು. ಹದಿನಾಲ್ಕು ತುಂಬಿದ ಮಕ್ಕಳ ಕೊರಳಿಗೆ ಒಂದು ತಗಡಿನ ಬಿಲ್ಲೆ ಕಟ್ಟುತ್ತಾರೆ. ಅದರ ಮೇಲೆ ಯಾವ ಕೆಲಸ ಬರೆದಿದೆಯೋ ಸಾಯುವ ತನಕ ಅದೇ ಕೆಲಸ. ಒಬ್ಬ ಹುಡುಗಿ ಬಿಲ್ಲೆ ಕಿತ್ತೆಸೆದು, ಗೇಟು ತೆಗೆದು ಹೊರಗೆ ಹೋಗುತ್ತಾಳೆ. ಈಗ ಇಂಥ ಪುಸ್ತಕಗಳು ಅಂಗಡಿಯಲ್ಲಿ ಗೋಡೆ ತುಂಬ ಇರುತ್ತವೆ. ಆಗ ನಮ್ಮ ಕಡೆ ಅದಕ್ಕೆ ಒಂದು ಹೆಸರೂ ಇರಲಿಲ್ಲ. ಬೆಳಗಾವಿಯ ಒಂದು ಪತ್ರಿಕೆಯ ರವಿವಾರದ ಪುರವಣಿಯಲ್ಲಿ, ಹೈಸ್ಕೂಲು ಮಕ್ಕಳ ಪುಟದಲ್ಲಿ, ಹದಿನಾಲ್ಕು ವಾರ ಧಾರಾವಾಹಿಯಾಗಿ ಬಂತು.

ನನ್ನ ಅಕ್ಷರ ನನಗೇ ತಿಳಿಯುವುದಿಲ್ಲ. ಮೊದಲ ವಾರವೇ ಪತ್ರಿಕೆಯ ಟೈಪ್ ಮಾಡುವವರು ಕೈಯೆತ್ತಿಬಿಟ್ಟರು. ಆದ್ದರಿಂದ ಹತ್ತನೇ ತರಗತಿಯ ಒಬ್ಬ ಹುಡುಗಿಯನ್ನು ಹಿಡಿದೆ. ದುಂಡಗೆ, ಒಂದೇ ಅಳತೆಯಲ್ಲಿ ಬರೆಯುತ್ತಿದ್ದಳು. ಪ್ರತಿ ಬುಧವಾರ ಸಾಲೆ ಬಿಟ್ಟ ಮೇಲೆ ಸ್ಟಾಫ್ ರೂಮಿನ ಮೂಲೆಯಲ್ಲಿ ಕುಳಿತು ನನ್ನ ಕರಡನ್ನು ಶುದ್ಧ ಪ್ರತಿ ಮಾಡುವುದು ಅವಳ ಕೆಲಸ. ನಾನು ಬಿಟ್ಟ ಒತ್ತಕ್ಷರ, ಪೂರ್ಣವಿರಾಮಗಳನ್ನು ಹೇಳದೆ ಕೇಳದೆ ಸರಿಮಾಡುತ್ತಿದ್ದಳು. ಮಾತು ಕಡಿಮೆ.

ಮೂರನೇ ವಾರವೋ ಏನೋ, ನಾನು ಬೆಳಗಿನ ಸಿಟ್ಟನ್ನು ಸಹೋದ್ಯೋಗಿಯ ಮುಂದೆ ಕಾರುತ್ತಿದ್ದೆ. ಆ ಗೇಟಿನವನಿಗೆ ಕಣ್ಣಿಲ್ಲ, ಕರುಳಿಲ್ಲ, ಮನೆಮಠ ಇಲ್ಲ, ಹೀಗೆ. ಹುಡುಗಿ ತಲೆ ಎತ್ತದೆ ಬರೆಯುತ್ತಲೇ, "ಅದು ನಮ್ಮಪ್ಪನ ಗೇಟ್ರಿ ಅಕ್ಕಾರ. ಇವತ್ತ ಎರಡ ಗಾಡಿ ಕ್ರಾಸಿಂಗ್ ಇದ್ವುರಿ" ಎಂದಳು. ಸಹೋದ್ಯೋಗಿ ಸೆರಗಿನಲ್ಲಿ ಮುಖ ಮುಚ್ಚಿ ನಕ್ಕರು.

ಆಮೇಲೆ ಅವಳ ಬಗ್ಗೆ ಸ್ವಲ್ಪ ಸ್ವಲ್ಪ ತಿಳಿಯಿತು. ಅಜ್ಜನ ಕಾಲದಲ್ಲಿ ಹಲಸಿ ಕಡೆ ಕುರಿ ಕಾಯುತ್ತಿದ್ದ ಮನೆತನ. ಅಪ್ಪನಿಗೆ ರೈಲ್ವೆ ನೌಕರಿ ಸಿಕ್ಕ ಮೇಲೆ ಗೇಟಿನ ಪಕ್ಕದ ಕ್ವಾರ್ಟರ್ಸಿನಲ್ಲಿ ವಾಸ. ಅವಳಿಗೆ ಒಂದೇ ಹಟ. ಬೆಳಗಾವಿಯಲ್ಲಿ ಪಿಯುಸಿ ಸೈನ್ಸ್ ಓದಬೇಕು, ಮುಂದೆ ಆಸ್ಪತ್ರೆಯ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕ ಇಟ್ಟುಕೊಂಡು ರಕ್ತ ಪರೀಕ್ಷೆ ಮಾಡುವ ಕೆಲಸ ಹಿಡಿಯಬೇಕು. "ಸೂಜಿ ಚುಚ್ಚೂದು ಅಲ್ರಿ, ಒಳಗ ಏನ ಐತಿ ನೋಡೂದು" ಎಂದಿದ್ದಳು. ಹಾಸ್ಟೆಲಿಗೆ ನಾನು ಮಾತಾಡುತ್ತೇನೆ, ನೀನು ಓದು ಎಂದು ಭಾಷೆ ಕೊಟ್ಟಿದ್ದೆ.

ಇನ್ನು ಆ ಹಾಳು ಕೊನೆಯ ವಿಚಾರ. ನಾನು ಮೊದಲು ಬರೆದ ಕೊನೆಯಲ್ಲಿ ಕಥೆಯ ಹುಡುಗಿ ಹೊರಗೆ ಹೋದವಳು ಹೋಗಿಯೇ ಹೋಗುತ್ತಾಳೆ. ತಿರುಗಿ ಸಹ ನೋಡುವುದಿಲ್ಲ. ಕೊನೆಯ ಕಂತಿಗೆ ಒಂದು ವಾರ ಇರುವಾಗ, ಕಳಿಸಿದ್ದ ಪ್ರತಿ ಓದಿ ಸಂಪಾದಕರು ಸಾಲೆಯ ಆಫೀಸಿಗೆ ಫೋನು ಮಾಡಿದರು. "ಹುಡುಗೀನ್ನ ಹಂಗ ಹೊರಗ ಬಿಟ್ಟ ಮುಗಸಬ್ಯಾಡ್ರಿ. ಮನಿಮಂದಿ ಕೂಡಿ ಓದೂ ಪುರವಣಿ ಇದು. ನಾಳಿ ತಂದಿ ತಾಯಿ ನನಗ ಫೋನ್ ಮಾಡ್ತಾರ. ಮನಿಗಿ ತರ್ರಿ ಆಕೀನ್ನ." ಅವರು ಬೆದರಿಸಲಿಲ್ಲ, ದನಿ ಏರಿಸಲಿಲ್ಲ. ಆಗುವುದಿಲ್ಲ ಎಂದಿದ್ದರೆ ಬಹುಶಃ ಇದ್ದದ್ದನ್ನೇ ಹಾಕುತ್ತಿದ್ದರೋ ಏನೋ. ನನಗೆ ಮುಂದಿನ ಧಾರಾವಾಹಿಯ ಆಸೆ. ಹ್ಞೂಂ ಅಂದೆ. ಹೆಡ್‌ಮಾಸ್ತರರು ಫೋನಿನ ಪಕ್ಕದಲ್ಲೇ ಕುಳಿತು ಎಲ್ಲ ಕೇಳಿ, "ಸರಿ ಮಾಡಿದ್ರಿ" ಎಂದು ಬೇರೆ ಹೇಳಿದರು.

ಬಿಡುವಿನ ಒಂದೇ ತಾಸಿನಲ್ಲಿ ಕೊನೆ ಬದಲಿಸಿದೆ. ಹುಡುಗಿ ಗುಡ್ಡ ಹತ್ತಿ ಮುಚ್ಚಳವಿಲ್ಲದ ನದಿಯನ್ನು ನೋಡುತ್ತಾಳೆ, ಒಂದು ತಂಬಿಗೆ ನೀರು ತುಂಬಿಕೊಂಡು ಊರಿಗೆ ಮರಳುತ್ತಾಳೆ, ಅವ್ವನ ಕೈಗೆ ತಂಬಿಗೆ ಕೊಡುತ್ತಾಳೆ, ಮುಗಿಯಿತು. ಬುಧವಾರ ಅದನ್ನು ಶುದ್ಧ ಪ್ರತಿಗೆ ಕೊಟ್ಟೆ. ಹುಡುಗಿ ನಿಂತುಕೊಂಡೇ ಓದಿದಳು.

"ಮೊದಲಿಂದು ಬ್ಯಾಡಾತೇನ್ರಿ?"

"ಬ್ಯಾಡಾತು. ಇದ್ದದ್ದನ್ನ ಇದ್ದಂಗ ಬರಿ."

ಕುಳಿತು ಬರೆದಳು. ನಾನು ಬಸ್ಸಿನ ಅವಸರದಲ್ಲಿ ತಿರುವಿ ನೋಡದೆ ಲಕೋಟೆಗೆ ಹಾಕಿದೆ.

ಆ ರವಿವಾರದಿಂದ ಶುರುವಾಯಿತು. ಕಾಲೇಜು ಹುಡುಗರು ನಾಲ್ಕು ಜನ ಸೇರಿ ಒಂದೇ ಪೋಸ್ಟ್‌ಕಾರ್ಡಿನಲ್ಲಿ ನನ್ನನ್ನು ಹೇಡಿ ಎಂದು ಬರೆದರು, ಜಾಗ ಸಾಲದೆ ಸಹಿಗಳನ್ನು ವಿಳಾಸದ ಮೇಲೆ ಹಾಕಿದ್ದರು. ಅದೇ ಟಪಾಲಿನಲ್ಲಿ ಬಂದ ಇನ್ನೊಂದು ಕಾರ್ಡಿನಲ್ಲಿ ಒಬ್ಬ ತಾಯಿ, ಹುಡುಗಿಯನ್ನು ಕ್ಷೇಮವಾಗಿ ಮನೆ ಮುಟ್ಟಿಸಿದ್ದಕ್ಕೆ ನನಗೆ ದೇವರು ಒಳ್ಳೆಯದು ಮಾಡಲಿ ಎಂದು ಹರಸಿದ್ದರು. ಮರಾಠಿ ಕಲಿಸುವ ಸಹೋದ್ಯೋಗಿ, ಸೆರಗಿನಲ್ಲಿ ನಕ್ಕವರೇ, ಮಗಳಿಂದ ಓದಿಸಿ ಕೇಳಿದ್ದರಂತೆ. "ಶೇವಟ ಕಾಯ್ ಆವಡಲಾ ನಾಹೀ ಬಾಯಿ" ಎಂದು ಮುಖ ಸಿಂಡರಿಸಿ, ನನಗೆ ಸರಿಯಾಗಿ ತಿಳಿಯಲಿ ಎಂದು ಕನ್ನಡದಲ್ಲೂ ಹೇಳಿದರು, "ಕಡೀದು ಬರೋಬರಿ ಇಲ್ಲ." ಎಂಟನೇ ತರಗತಿಯ ಹುಡುಗರಿಗೆ ಹುಡುಗಿ ಬಂದರೂ ಅಷ್ಟೇ, ಹೋದರೂ ಅಷ್ಟೇ. ಗೋಡೆಗೆ ಬಾಂಬು ಯಾಕೆ ಹಾಕಲಿಲ್ಲ ಎಂಬುದೊಂದೇ ಅವರ ತಕರಾರು. ಹದಿಮೂರು ವಾರ ನಾನು ಬೆವರು ಸುರಿಸಿ ಬರೆದದ್ದರ ಬಗ್ಗೆ ಒಬ್ಬರೂ ಉಸಿರೆತ್ತಲಿಲ್ಲ. ಎಲ್ಲರಿಗೂ ಕೊನೆಯದೇ ಬೇಕು.

ಎಲ್ಲರಿಗಿಂತ ತಲೆ ತಿಂದವರು ರವಿವಾರ ಪೇಟೆಯ ಕಾಳಿನ ವ್ಯಾಪಾರಿ. ತಿಂಗಳಿಗೊಮ್ಮೆ ಅವರ ಅಂಗಡಿಯಲ್ಲೇ ನಾವು ಜೋಳ ಕೊಳ್ಳುವುದು. ಹಣೆ ತುಂಬ ವಿಭೂತಿ, ಮೆತ್ತಗಿನ ಮಾತು, ಪೂಜೆ ಆಗದೆ ಗಲ್ಲೆಯ ಮೇಲೆ ಕೂರದ ಮನುಷ್ಯ. ಅಂಥವರು ಜೋಳದ ಚೀಲಕ್ಕೆ ಕೈ ಹಾಕಿ ನಿಂತುಬಿಟ್ಟರು.

"ಅಕ್ಕಾರ, ಎಲ್ಲಾ ಛಲೋ ಆತು. ಖರೇ, ಹುಡುಗಿ ಒಳಗ ಬಂದ ಮ್ಯಾಲ ಗೇಟ ಹಾಕಿದವ್ರು ಯಾರು?"

"ಹಾಕ್ಯಾರ್ರಿ. ಬರದೀನಿ ಅದನ್ನ."

"ಇಲ್ರಿ." ತಕ್ಕಡಿಯ ಕೆಳಗಿನಿಂದ ಪುರವಣಿ ತೆಗೆದರು. ಕಾಳು ಕಟ್ಟಲು ಹರಿಯದೆ ಅದನ್ನು ಜೋಪಾನ ಮಾಡಿದ್ದರು. ಬೆರಳಿಟ್ಟು ತೋರಿಸಿದರು. ಹುಡುಗಿ ಗೇಟು ದಾಟಿ ಬರುತ್ತಾಳೆ, ಮುಂದಿನ ಸಾಲಿನಲ್ಲಿ ಅವ್ವ. ನಡುವೆ ಏನೂ ಇಲ್ಲ. "ನಾ ಅಂಗಡಿ ಬಾಗಲಾ ಹಾಕೆ ಊಟಕ್ಕ ಏಳಾಂವ್ರಿ. ನೀವು ಒಂದ ಊರಿನ ಬಾಗಲಾನ ಹಂಗ ಬಿಟ್ಟೀರಿ."

ನಾನು ಬರೆದ ನೆನಪು ಸ್ಪಷ್ಟವಾಗಿತ್ತು. ಸಿಟ್ಟಿನಿಂದ ಸಂಪಾದಕರಿಗೆ ಫೋನು ಮಾಡಿ, ನಿಮ್ಮ ಟೈಪಿನವರು ನನ್ನ ಸಾಲು ನುಂಗಿದ್ದಾರೆ ಎಂದು ಜಗಳ ತೆಗೆದೆ. ಅವರು ಸಮಾಧಾನದಿಂದ, ಕಳಿಸಿದ ಪ್ರತಿಯಲ್ಲೇ ಇಲ್ಲ ಎಂದು ಪ್ರತಿಯನ್ನು ವಾಪಸು ಕಳಿಸಿಕೊಟ್ಟರು. ನೋಡಿದೆ, ಇರಲಿಲ್ಲ. ನಾನೇ ಮರೆತಿರಬೇಕು, ವಯಸ್ಸಾಗುತ್ತ ಬಂತು ಎಂದುಕೊಂಡು ಎಲ್ಲವನ್ನೂ ಕರಡಿನ ಜೊತೆ ಒಂದು ಚೀಲಕ್ಕೆ ತುರುಕಿ ಕಪಾಟಿನ ಮೇಲೆ ಎಸೆದೆ. ಮುಂದಿನ ತಿಂಗಳು ಜೋಳಕ್ಕೆ ಹೋದರೆ ವ್ಯಾಪಾರಿಯದು ಅದೇ ಪ್ರಶ್ನೆ. ಅದರ ಮುಂದಿನ ತಿಂಗಳೂ ಅದೇ. ಅಂಗಡಿ ಬದಲಿಸೋಣ ಎಂದರೆ ಅವರಂಥ ಜೋಳ ಬೇರೆ ಕಡೆ ಸಿಗುತ್ತಿರಲಿಲ್ಲ.

ಬೇಸಗೆಯಲ್ಲಿ ಹತ್ತನೆಯ ಫಲಿತಾಂಶ ಬಂತು. ನಮ್ಮ ಹುಡುಗಿ ಫಸ್ಟ್ ಕ್ಲಾಸು. ಅಂಕಪಟ್ಟಿ ಕೊಡುವ ದಿನ ಎಲ್ಲರೂ ಬಂದರು, ಅವಳು ಬರಲಿಲ್ಲ. ಅವಳ ಗೆಳತಿಯನ್ನು ಕರೆದು ಕೇಳಿದೆ.

"ಆಕಿ ಮುಂದ ಓದಾಂಗಿಲ್ರಿ ಅಕ್ಕಾರ. ಅವರಪ್ಪ ಬ್ಯಾಡ ಅಂದಾರ್ರಿ."

"ಯಾಕಂತ?"

ಗೆಳತಿ ನೆಲ ನೋಡಿದಳು. "ಸಿಟ್ಟಾಗಬ್ಯಾಡ್ರಿ. ನಿಮ್ಮ ಅಕ್ಕಾರ ಬರದಾರಲ್ಲ, ಆ ಹುಡುಗಿ ಎಲ್ಲಾ ತಿರುಗಿ ಕಡೀಕ ಮನಿಗೇ ಬಂದ್ಲು, ಕಡೀಕ ಮನಿಗೇ ಬರೂದಾದ್ರ ಹೋಗೂದರ ಯಾಕ, ಅಂತಾರ್ರಿ."

ನನಗೆ ಮೈಯೆಲ್ಲ ಉರಿಯಿತು. ಡಾಕ್ಟರು, ವ್ಯಾಪಾರಿ, ಪೋಸ್ಟ್‌ಕಾರ್ಡಿನವರು ಏನು ಬೇಕಾದರೂ ಹೇಳಿಕೊಳ್ಳಲಿ, ಅವರ ಮಾತಿನಿಂದ ಯಾರ ಊಟವೂ ತಪ್ಪಿರಲಿಲ್ಲ. ಇಲ್ಲಿ ಒಬ್ಬ ಹುಡುಗಿಯ ಓದು ನಿಂತುಹೋಗುತ್ತಿತ್ತು, ಅದೂ ನನ್ನ ಕೊನೆಯ ನೆಪದಲ್ಲಿ, ಅದೂ ಸಂಪಾದಕರ ಒಂದು ಫೋನಿಗೆ ಅಂಜಿ ನಾನು ಬದಲಿಸಿದ ಕೊನೆಯ ನೆಪದಲ್ಲಿ. ಕಾಲೇಜಿನಲ್ಲಿ ಅರ್ಜಿ ಕೊಡಲು ನಾಲ್ಕು ದಿನ ಉಳಿದಿತ್ತು. ಕಪಾಟಿನ ಮೇಲಿನ ಚೀಲ ಇಳಿಸಿದೆ. ಮೊದಲ ಕೊನೆಯನ್ನೇ ಆ ಮನುಷ್ಯನ ಕೈಗೆ ಕೊಡುತ್ತೇನೆ, ನೋಡಿರಿ, ಇದು ಖರೇ ಕೊನೆ, ಇದರಲ್ಲಿ ಹುಡುಗಿ ಮನೆಗೆ ಬರುವುದೇ ಇಲ್ಲ ಎನ್ನುತ್ತೇನೆ ಎಂದು ನಿರ್ಧರಿಸಿ ಮರುದಿನ ರವಿವಾರ ಬೆಳಿಗ್ಗೆ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಹಾಳೆಗಳನ್ನು ಹೊಂದಿಸುತ್ತ ಕುಳಿತಾಗ ಬದಲಿಸಿದ ಕೊನೆಯ ಕರಡು ಕೈಗೆ ಬಂತು. ನನ್ನ ಅಕ್ಷರವನ್ನು ನಾನೇ ಕಷ್ಟಪಟ್ಟು ಓದಿದೆ. "ಅವಳು ಒಳಗೆ ಬಂದಳು. ಕಾವಲುಗಾರ ಗೇಟು ಎಳೆದು ಸಂಕಳಿ ಹಾಕಿದ." ಇತ್ತು! ವ್ಯಾಪಾರಿ ಕೇಳಿದ್ದ ಸಾಲು ಕಣ್ಣ ಮುಂದೆಯೇ ಇತ್ತು. ಶುದ್ಧ ಪ್ರತಿ ತೆಗೆದೆ. "ಅವಳು ಒಳಗೆ ಬಂದಳು." ಮುಂದೆ ಅವ್ವ. ನಡುವೆ ಚಿತ್ತಿಲ್ಲ, ಜಾಗ ಬಿಟ್ಟಿಲ್ಲ, ಅದೇ ದುಂಡು ಅಕ್ಷರ ಸರಾಗವಾಗಿ ಮುಂದೆ ಹೋಗಿದೆ. ಹದಿನಾಲ್ಕು ವಾರದಲ್ಲಿ ನನ್ನ ಒಂದು ಅಲ್ಪವಿರಾಮವನ್ನೂ ಬಿಡದ ಹುಡುಗಿ ಇಡೀ ಸಾಲನ್ನು ಬಿಟ್ಟಿದ್ದಳು.

ಅದರ ಬಗ್ಗೆ ಯೋಚಿಸಲು ಪುರುಸೊತ್ತು ಸಿಗಲಿಲ್ಲ. ಬಸ್ಸು ನಿಂತಿತು. ಗೇಟು ಹಾಕಿತ್ತು, ಎಂದಿನಂತೆ. ಆ ದಿನ ಮಾತ್ರ ನಾನು ಅಲ್ಲೇ ಇಳಿದೆ.

ಕ್ವಾರ್ಟರ್ಸು ಎಂದರೆ ಒಂದು ಕೋಣೆ, ಒಂದು ಅಡುಗೆಮನೆ. ಗಾಡಿ ಹೋದ ಮೇಲೆ ಹುಡುಗಿಯ ಅಪ್ಪ ಗೇಟೆತ್ತಿ, ಕೈ ಒರೆಸಿಕೊಂಡು ಬಂದರು. ಇಷ್ಟು ವರ್ಷ ಬೈದ ಮನುಷ್ಯನ ಮುಖ ಮೊದಲ ಸಲ ನೋಡಿದೆ. ನನಗಿಂತ ಚಿಕ್ಕವರು, ನೀಲಿ ಅಂಗಿ, ಕಿವಿಯ ಮೇಲೆ ಪೆನ್ಸಿಲು. "ಬರ್ರಿ ಅಕ್ಕಾರ, ಕುಂದರ್ರಿ" ಎಂದು ಕುರ್ಚಿ ಒರೆಸಿ ಕೊಟ್ಟು, ತಾವು ನೆಲದ ಮೇಲೆ ಕುಳಿತರು. ಹುಡುಗಿಯ ತಾಯಿ ಬೀಸುವ ಗಿರಣಿಗೆ ಹೋಗಿದ್ದರು. ಹುಡುಗಿ ನನ್ನನ್ನು ಕಂಡವಳೇ ಚಾ ಮಾಡಲು ಒಳಗೆ ಹೋದಳು. ಗೋಡೆಯ ಮೊಳೆಗೆ, ಕೈದೀಪದ ಪಕ್ಕದಲ್ಲಿ, ನನ್ನ ಹದಿನಾಲ್ಕು ಕಂತುಗಳನ್ನು ದಾರದಿಂದ ಹೊಲಿದು ತೂಗುಹಾಕಿದ್ದರು.

"ಎಲ್ಲಾ ಓದೀನ್ರಿ, ಗಾಡಿ ಗಾಡಿ ನಡುವ. ಕಡೀದ ನಾಕ ಸಲ ಓದೀನಿ."

"ಓದಿ ಮಗಳ ಸಾಲಿ ಬಿಡಸ್ತೀರೇನು?" ನನ್ನ ದನಿ ಏರಿತ್ತು. "ಅದು ಕಥಿ ರೀ. ಕಥಿ ಓದಿ ಯಾರರ ಮನಿ ನಡಸ್ತಾರೇನು?"

ಅವರು ಏರಿಸಲಿಲ್ಲ. "ನಮ್ಮಣ್ಣ ಗೋವಾಕ್ಕ ಕೆಲಸಕ್ಕ ಹೋದಾಂವ ಇಪ್ಪತ್ತ ವರ್ಷ ಆತ್ರಿ. ಒಂದ ಕಾಗದ ಇಲ್ಲ. ನಮ್ಮವ್ವ ಸಾಯೂ ತನಕಾ ಹಾದಿ ನೋಡಿದ್ಲು. ಓದಸಾಕ ನನಗ ಬ್ಯಾಸರ ಇಲ್ರಿ. ಹೋದವ್ರು ಹೊಳ್ಳಿ ಬರಂಗಿಲ್ಲ, ಅದ ನನ್ನ ಅಂಜಿಕಿ. ನಿಮ್ಮ ಕಥ್ಯಾಗೂ ಹದಿಮೂರ ವಾರ ಅಂಜೀನಿ, ಈಕೀನೂ ಹ್ವಾದ್ಲು ಅಂತ. ಕಡೀಕ ಬಂದ್ಲ ನೋಡ್ರಿ, ಭಾಳ ಸಮಾಧಾನ ಆತು. ಅವತ್ತ ಅಂದೆ, ಬಂದಾಕಿನ್ನ ಇನ್ನ ಮನ್ಯಾಗ ಇಟಗೊಂಡ ಬಿಡೂದು ಚಲೋ ಅಂತ."

ನನ್ನ ಕೈ ಆಗಲೇ ಚೀಲದೊಳಗಿತ್ತು. ಹುಡುಗಿ ಬಾರದೇ ಹೋಗುವ ನನ್ನ ಖರೇ ಕೊನೆಯನ್ನು ಬೆರಳು ಹಿಡಿದಿತ್ತು. ಅಲ್ಲೇ ಬಿಟ್ಟೆ. ಅದನ್ನು ಹೊರಗೆ ತೆಗೆದಿದ್ದರೆ ಆ ಮನುಷ್ಯ ಮಗಳನ್ನು ಗೇಟಿನ ಆಚೆಗೂ ಬಿಡುತ್ತಿರಲಿಲ್ಲ. ಚೀಲವನ್ನು ಕುರ್ಚಿಯ ಕೆಳಗೆ ತಳ್ಳಿ ಕಾಲಿನಿಂದ ಒತ್ತಿ ಹಿಡಿದೆ.

"ಅಕ್ಕಾರ, ಒಂದ ಮಾತ ಕೇಳಬೇಕಾಗಿತ್ರಿ."

"ಕೇಳ್ರಿ."

"ಆಕಿ ಒಳಗ ಬಂದ ಮ್ಯಾಲ ಗೇಟ ಹಾಕಿದವ್ರು ಯಾರು?"

ನಿಜ ಹೇಳುತ್ತೇನೆ, ಚೀರಬೇಕು ಅನ್ನಿಸಿತು. ರವಿವಾರ ಪೇಟೆಯಿಂದ ಇಲ್ಲಿ ತನಕ ಅದೊಂದೇ ಪ್ರಶ್ನೆ ನನ್ನ ಬೆನ್ನು ಹತ್ತಿ ಬಂದಿತ್ತು. ಆದರೆ ಇವರು ವ್ಯಾಪಾರಿಯಂತೆ ತಪ್ಪು ಹಿಡಿಯಲು ಕೇಳುತ್ತಿರಲಿಲ್ಲ.

"ಹದಿನೆಂಟ ವರ್ಷ ಈ ಗೇಟಿನ್ಯಾಗ ಹ್ವಾದ್ವುರಿ ನನ್ನವು. ಹಾಕೂ ಗೇಟ ಹಾಕಲಿಲ್ಲ ಅಂದ್ರ ನನ್ನ ನೌಕರೀನ ಹೋಗತೈತಿ. ಅದಕ್ಕ ಮೊದಲ, ಅಕ್ಕಾರ ತಪ್ಪ ಬರದಾರ ಅಂದ್ಕೊಂಡ್ನಿ. ಆಮ್ಯಾಲ ನಮ್ಮಪ್ಪ ನೆನಪಾದ. ಸಂಜಿಗಿ ಕುರಿ ದೊಡ್ಡಿಗಿ ಹೊಡದ ಮ್ಯಾಲ ಎಣಸಾಂವ. ಒಂದ ಕಮ್ಮಿ ಇದ್ರೂ ತಟ್ಟಿ ಹಾಕಾಂವಲ್ಲ, ಬಾಗಲದಾಗ ತಾನ ಅಡ್ಡ ಕುಂದರಾಂವ. ಹೊರಗಿಂದು ಬರೂದೈತಿ ಅಂದ್ರ ತಟ್ಟಿ ತೆರದ ಇರಬೇಕು. ನೀವು ಬೇಕಂತ ಬಿಟ್ಟಿದ್ರ, ಆ ಊರಾಗ ಹೋಗೂದೂ ಐತಿ, ಹೊಳ್ಳಿ ಬರೂದೂ ಐತಿ ಅಂತ ಆತು. ಮರತ ಬಿಟ್ಟಿದ್ರ ಅದರಾಗ ಏನೂ ಇಲ್ಲ. ಬೇಕಂತ ಬಿಟ್ಟದ್ದೋ, ಮರತದ್ದೋ? ಖರೇ ಹೇಳ್ರಿ."

ಅಷ್ಟರಲ್ಲಿ ಗೇಟಿನ ಕೋಣೆಯ ಫೋನು ಗಂಟೆ ಹೊಡೆಯಿತು. ಇನ್ನೊಂದು ಗಾಡಿ ಹೊರಟಿತ್ತು. "ಬಂದ್ನಿ ತಡೀರಿ" ಎಂದು ಎದ್ದು ಓಡಿದರು. ಹೊರಗೆ ಗೇಟು ಕಿರ್ರೆಂದು ಇಳಿಯುವ ಸದ್ದು ಕೇಳಿಸಿತು, ಯಾರೋ ಮೋಟರ್ ಸೈಕಲ್ಲಿನವರು ಬೈಯುವುದೂ ಕೇಳಿಸಿತು.

ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಚಾದ ಬಟ್ಟಲು. ಕೊಡಲು ಮರೆತಿದ್ದಳು.

"ನಾನ ಬಿಟ್ಟೀನ್ರಿ ಅಕ್ಕಾರ."

"ಗೊತ್ತಾತು. ಬರೂ ಹಾದ್ಯಾಗ ನೋಡ್ದೆ. ಯಾಕ ಬಿಟ್ಟಿ?"

"ನೀವು ಸಂಕಳಿ ಹಾಕಿಸಿದ್ರಿ. ಅದನ್ನ ಬರ್ಯಾಕ ಕೈ ಬರಲಿಲ್ರಿ. ಬಂದ್ರ ಬರಲಿ, ಸಂಕಳಿ ಯಾಕ್ರಿ?" ಕಣ್ಣು ತುಂಬಿಕೊಂಡಿದ್ದಳು, ಆದರೆ ದನಿ ನಡುಗಲಿಲ್ಲ. "ನಮ್ಮಪ್ಪ ಕಡೀದನ್ನ ಓದತಾನಂತ ನನಗ ಗೊತ್ತಿತ್ರಿ."

ಮೊದಲು ಬಂದದ್ದು ಸಿಟ್ಟು. ಸುಳ್ಳು ಹೇಳುವುದಿಲ್ಲ. ನನ್ನ ಸಾಲನ್ನು ಕಿತ್ತುಹಾಕುವ ಹಕ್ಕು ಈ ಹುಡುಗಿಗೆ ಯಾರು ಕೊಟ್ಟರು, ಅವಳ ದೆಸೆಯಿಂದ ಸಂಪಾದಕರ ಮುಂದೆ ಸಣ್ಣವಳಾದೆ, ಆರು ತಿಂಗಳು ಜೋಳದ ಅಂಗಡಿಯಲ್ಲಿ ತಲೆ ತಗ್ಗಿಸಿದೆ. ಇಷ್ಟೆಲ್ಲ ಬಾಯಿ ತನಕ ಬಂತು. ಆಮೇಲೆ ನಾಚಿಕೆ ಬಂತು. ಒಂದು ಫೋನಿಗೆ ಹ್ಞೂಂ ಎಂದು ಕಥೆಯ ಹುಡುಗಿಯನ್ನು ಒಳಗೆ ಹಾಕಿ ಸಂಕಳಿ ಬಿಗಿದವಳು ನಾನು. ನನ್ನ ಪಕ್ಕದಲ್ಲೇ ಕುಳಿತು, ಒಂದು ಮಾತೂ ಆಡದೆ, ಅದನ್ನು ತೆಗೆದವಳು ಇವಳು. ಬೈಯಲು ನನಗೆ ಮುಖ ಇರಲಿಲ್ಲ. "ಚಾ ಆರತದ, ಕೊಡು" ಎಂದೆ.

ಗಾಡಿ ದಡದಡ ಹೋಯಿತು. ಬಟ್ಟಲು ಬಸಿಯಲ್ಲಿ ನಡುಗಿತು. ಗೇಟೆತ್ತಿ ಬಂದ ಅಪ್ಪ ಮತ್ತೆ ಅದೇ ಜಾಗದಲ್ಲಿ ಕುಳಿತು ನನ್ನ ಮುಖ ನೋಡಿದರು. ಮಾತು ಎಲ್ಲಿಗೆ ನಿಂತಿತ್ತು ಎಂದು ನೆನಪಿಸಬೇಕಾಗಲಿಲ್ಲ.

"ಬೇಕಂತನ ಬಿಟ್ಟದ್ರಿ" ಎಂದೆ.

ಯಾರು ಬಿಟ್ಟರು ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಎದ್ದು, ಗೋಡೆಯ ಮೇಲಿನ ಹೊಲಿದ ಕಂತುಗಳ ಕೊನೆಯ ಹಾಳೆ ತೆಗೆದು ಇನ್ನೊಮ್ಮೆ ಓದಿದರು. ಹುಡುಗಿ ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ನಾನು ಚಾ ಗಟಗಟ ಕುಡಿದು ನಾಲಿಗೆ ಸುಟ್ಟುಕೊಂಡೆ.

"ಹಾಸ್ಟೆಲಿನ ಗೇಟ ಎಷ್ಟಕ್ಕ ಹಾಕ್ತಾರ್ರಿ?" ಎಂದು ಕೇಳಿದರು.

"ಸಂಜಿ ಏಳಕ್ಕ."

"ಬರೋಬರಿ ಏಳಕ್ಕ ಹಾಕ್ತಾರ?"

"ಹಾಕ್ತಾರ್ರಿ."

"ಶನಿವಾರಾ ಮನಿಗಿ ಬಿಡ್ತಾರಲ್ರಿ?"

"ಬಿಡ್ತಾರ."

ಕಿವಿಯ ಮೇಲಿನ ಪೆನ್ಸಿಲು ತೆಗೆದು, ಅರ್ಜಿಯ ಕೊನೆಯ ದಿನ ಯಾವುದೆಂದು ಕೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುಂಡಗೆ ಗೆರೆ ಎಳೆದರು. ಮಂಗಳವಾರ ಬದಲಿ ಡ್ಯೂಟಿಯವರನ್ನು ಒಪ್ಪಿಸಿ, ಮಗಳನ್ನು ಕರೆದುಕೊಂಡು ಬೆಳಗಾವಿಗೆ ತಾವೇ ಬಂದರು. ಕಾಲೇಜಿಗೆ ಹೋಗುವ ಮೊದಲು ಹಾಸ್ಟೆಲಿನ ಗೇಟನ್ನು ಎರಡು ಸಲ ತೆಗೆದು ಹಾಕಿ ನೋಡಿದರು. ಅಗಳಿ ಸಡಿಲ ಐತಿ ಎಂದು ವಾರ್ಡನ್ನರಿಗೆ ಹೇಳಿದರು. ವಾರ್ಡನ್ನರ ಮುಖ ನೋಡಲಾರದೆ ನಾನು ಬೇರೆ ಕಡೆ ತಿರುಗಿ ನಿಂತಿದ್ದೆ.

ಮರುವರ್ಷ ಧಾರಾವಾಹಿ ಪುಸ್ತಕವಾಯಿತು. ಅಚ್ಚಿಗೆ ಮೊದಲು ಕರಡು ತಿದ್ದುವವರು ಕೊನೆಯ ಪುಟದಲ್ಲಿ ಕೆಂಪು ಶಾಯಿಯಲ್ಲಿ, "ಗೇಟು ಮುಚ್ಚುವುದು ಬಿಟ್ಟುಹೋಗಿದೆ, ಒಂದು ಸಾಲು ಸೇರಿಸಬಹುದು" ಎಂದು ಬರೆದಿದ್ದರು. ಅದನ್ನು ಕಾಗದ ಹರಿಯುವಷ್ಟು ಹೊಡೆದುಹಾಕಿದೆ. ಪುಸ್ತಕ ಬಂದ ಮೇಲೆ ರವಿವಾರ ಪೇಟೆಯ ವ್ಯಾಪಾರಿ ಅದನ್ನು ಕೊನೆಯಿಂದ ತೆರೆದು, ಕನ್ನಡಕ ಏರಿಸಿ, "ಪುಸ್ತಕದಾಗೂ ಹಾಕಿಲ್ಲಲ್ರಿ ಅಕ್ಕಾರ!" ಎಂದರು. ಹಾಕುವುದಿಲ್ಲ, ನೀವು ಜೋಳ ತೂಗಿರಿ ಎಂದೆ. ಆ ತೆರೆದ ಗೇಟನ್ನು ಮೆಚ್ಚಿ ಬರೆದವರೂ ಇದ್ದಾರೆ. ನನ್ನ ಬರವಣಿಗೆಯಲ್ಲಿ ಜನ ಹೊಗಳಿದ್ದು ನಾನು ಬರೆಯದ ಒಂದು ಜಾಗವನ್ನು. ಅದನ್ನು ಕೇಳಿ ಮುಗುಳ್ನಗಬೇಕಾಗುತ್ತದೆ, ಏನು ಮಾಡುವುದು.

ಗೇಟಿನ ಅಪ್ಪನಿಗೂ ಒಂದು ಪ್ರತಿ ಕಳಿಸಿದ್ದೆ. ಇವರೊಬ್ಬರಾದರೂ ನನ್ನ ಕೊನೆಯನ್ನು ಇದ್ದಂತೆ ಒಪ್ಪಿದರಲ್ಲ ಎಂದು ಸಮಾಧಾನದಲ್ಲಿದ್ದೆ. ಹದಿನೈದು ದಿನದ ಮೇಲೆ ಅವರ ಪೋಸ್ಟ್‌ಕಾರ್ಡು ಬಂತು. ಪೆನ್ಸಿಲಿನಲ್ಲಿ, ಒತ್ತಿ ಒತ್ತಿ ಬರೆದ ಅಕ್ಷರ.

"ಅಕ್ಕಾರಿಗೆ ನಮಸ್ಕಾರ. ಪುಸ್ತಕ ಮುಟ್ಟಿತು. ಗೇಟು ತೆರೆದೇ ಇಟ್ಟಿದ್ದೀರಿ, ನೋಡಿದೆ. ಆದರೆ ಒಂದು ತಪ್ಪು ಇದೆ. ಇಲ್ಲಿ ಶನಿವಾರ ಸಂಜೆ ನಾನು ಗೇಟು ಹಾಕಿದರೆ ಮಾತ್ರ ಮಗಳ ಗಾಡಿ ಬರುತ್ತದೆ. ತೆರೆದು ಇಟ್ಟರೆ ಬರುವುದಿಲ್ಲ. ಮುಂದಿನ ಮುದ್ರಣದಲ್ಲಿ ಇದನ್ನು ಸರಿಮಾಡಬೇಕು. ಅವಳು ಕಿಟಕಿಯಿಂದ ಕೈ ಮಾಡುತ್ತಾಳೆ. ಒಂದು ಶನಿವಾರವೂ ತಪ್ಪಿಸಿಲ್ಲ."